ಕಿಟಕಿಯಲ್ಲಿಟ್ಟ ಕೊಂಬೆ

ಕರಗಂದಾ
೨೬ ಡಿಸೆಂಬರ್ ೨೦೨೪

ಪ್ರೀತಿಯ ಎರ್ನಾ,

ನಿನಗೂ, ನಿನ್ನ ಯಜಮಾನರಿಗೂ, ಮಕ್ಕಳು ಮೊಮ್ಮಕ್ಕಳಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯ, ಒಂದು ದಿನ ತಡವಾಗಿ. ನಿನ್ನ ಅಕ್ಟೋಬರಿನ ಪತ್ರಕ್ಕಂತೂ ಎರಡು ತಿಂಗಳು ತಡ. ಕ್ಷಮಿಸು ತಂಗೀ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಲೈನ್ ಸರಿಯಿಲ್ಲ ಎಂದು ಮಾತು ತೇಲಿಸಿದೆ. ಲೈನ್ ಸರಿಯಾಗಿಯೇ ಇತ್ತು. "ಹೊಸ ವಕೀಲರು ಸಿಕ್ಕಿದ್ದಾರೆ, ತೊಂಬತ್ತೈದರಲ್ಲಿ ನಿನಗೆ ಜರ್ಮನಿಗೆ ಬರಲು ಒಪ್ಪಿಗೆ ಕೊಡದೆ ಬಂದ ಪತ್ರದ ನಕಲು ಬೇಕಂತೆ, ಬೇಗ ಕಳಿಸು" ಎಂದು ಬರೆದಿದ್ದೀಯ. ಅದಕ್ಕೆ ಬರುತ್ತೇನೆ. ಮೊದಲು ನಮ್ಮ ಆಫೀಸಿನ ಕಿಟಕಿಯ ಸುದ್ದಿ ಕೇಳು. ಅದನ್ನು ಹೇಳದೆ ಇದಕ್ಕೆ ಬರಲು ನನ್ನಿಂದಾಗದು.

ಅರವತ್ತೇಳಾದರೂ ನಾನು ಅದೇ ಅನುವಾದದ ಆಫೀಸಿನಲ್ಲಿದ್ದೇನೆ. ಅವೇ ಎರಡು ಕೋಣೆ, ಬೀದಿಗೆ ಒಂದೇ ಕಿಟಕಿ. ಈ ಕಜಾಕ್ ನಾಡಿನಲ್ಲಿದ್ದ ನಮ್ಮ ಜರ್ಮನ್ ಜನರ ಕಾಗದಗಳನ್ನೆಲ್ಲ ಜರ್ಮನ್‌ಗೆ ತಿರುಗಿಸಿ, ಮುದ್ರೆ ಒತ್ತಿ, ಒಬ್ಬೊಬ್ಬರನ್ನೇ ನಿಮ್ಮ ಕಡೆಗೆ ಕಳಿಸಿಕೊಟ್ಟ ಕೈ ಇದು. ಈಗ ಹೊರಡುವವರು ಕಜಾಕ್ ಹುಡುಗಿಯರು, ಕೊರಿಯಾಗೆ. ಆಫೀಸಿನ ಯಜಮಾನ ದೌರೆನ್ ನನ್ನ ಅರ್ಧ ವಯಸ್ಸಿನವನು, ಒಳ್ಳೆಯವನೇ, ಆದರೆ ಮಿಣಿಮಿಣಿ ಮಿನುಗುವುದೆಲ್ಲ ಅವನಿಗೆ ಬೇಕು. ಟೈಪ್ ಮಾಡುವ ಝಾನಾರ್ ಇದ್ದಾಳೆ, ಬಾಯಿಬಡುಕಿ. ಅವಳಿಲ್ಲದಿದ್ದರೆ ನನಗೆ ದಿನ ಹೋಗುವುದಿಲ್ಲ.

ಈ ಸಲ ಡಿಸೆಂಬರ್ ಹುಟ್ಟುತ್ತಿದ್ದಂತೆ ನನಗೆ ಒಂದೇ ಹಟ ಹತ್ತಿತು. ಅಜ್ಜಿಯ ಕ್ರಿಸ್‌ಮಸ್ ಮರ ಮಾಡಬೇಕು, ಅದನ್ನು ಬೀದಿಯ ಕಿಟಕಿಯಲ್ಲೇ ಇಡಬೇಕು. ನಿನಗೆ ನೆನಪಿದೆಯಲ್ಲ? ಫರ್ ಮರ ಎಲ್ಲಿ ಸಿಗಬೇಕು, ಹಿತ್ತಿಲ ಕರಗಾನ ಪೊದೆಯಿಂದ ಒಂದು ಬೋಳು ಕೊಂಬೆ ಕಡಿದು ತರುತ್ತಿದ್ದಳು. ಗಾಯಕ್ಕೆ ಹಚ್ಚುವ ಹಸಿರು ಔಷಧಿಯಲ್ಲಿ ಕಾಗದ ಅದ್ದಿ, ಸಣ್ಣಗೆ ಕತ್ತರಿಸಿ, ಕಡ್ಡಿಕಡ್ಡಿಗೂ ಸುತ್ತುತ್ತಿದ್ದಳು. ನಮ್ಮ ಬೆರಳೆಲ್ಲ ಹಸಿರು. ಶಾಲೆಯಲ್ಲಿ ಟೀಚರು ಕೇಳಿದರೆ, ಮನೆಯಲ್ಲಿ ಯಾರಿಗೋ ಸೀತಾಳೆ ಸಿಡುಬಿನ ಗುಳ್ಳೆ ಎದ್ದಿದೆ, ಔಷಧಿ ಹಚ್ಚಿದೆವು ಎನ್ನಬೇಕು. ಪ್ರತಿ ಡಿಸೆಂಬರಿನಲ್ಲೂ ನಮ್ಮ ಮನೆಗೆ ತಪ್ಪದೆ ಸಿಡುಬು! ಪರದೆ ಎಳೆದು, ದನಿ ತಗ್ಗಿಸಿ ಹಾಡಿ, ಬೆಳಗಾಗುವಷ್ಟರಲ್ಲಿ ಕೊಂಬೆಯನ್ನು ಒಲೆಗೆ ಹಾಕಿಬಿಡುತ್ತಿದ್ದಳು. ಆಗ ದೇವರ ಹಬ್ಬ ಮಾಡುವುದೇ ಅಪರಾಧವಲ್ಲವೇ, ಯಾರಾದರೂ ಕಂಡರೆ ಅಪ್ಪನ ಗಣಿ ಕೆಲಸಕ್ಕೇ ಸಂಚಕಾರ. ಹಾಗಾಗಿ ಆ ಮರವನ್ನು ನಾವು ಹಗಲಲ್ಲಿ ನೋಡಲೇ ಇಲ್ಲ.

ಆಫೀಸಿನ ಹಿಂದೆ ಕರಗಾನ ಪೊದೆ ಇದ್ದೇ ಇದೆ. ಮೊಣಕಾಲುದ್ದದ ಹಿಮದಲ್ಲಿ ಇಳಿದು ಕಡಿದೆ. ಔಷಧಿ ಅಂಗಡಿಯಲ್ಲಿ ಐದು ಶೀಸೆ ಕೇಳಿದಾಗ ಹುಡುಗಿ ಕನಿಕರದಿಂದ, "ಎಷ್ಟು ಮಕ್ಕಳಿಗೆ ಎದ್ದಿದೆ ಅಜ್ಜಿ?" ಎಂದಳು. "ಒಂದಕ್ಕೇ. ಅರವತ್ತೇಳು ವರ್ಷದ್ದು" ಎಂದೆ.

ದೌರೆನ್ ಒಳಗೆ ಬಂದು ಕೊಂಬೆ ನೋಡಿ ಬಾಗಿಲಲ್ಲೇ ನಿಂತ. ಅವನ ಕಂಕುಳಲ್ಲಿ ಪ್ಲಾಸ್ಟಿಕ್ ಮರದ ಡಬ್ಬಿ.

"ಇರ್ಮಾ ಗೆನ್ರಿಖೊವ್ನಾ, ಇದೇನು, ಪೊರಕೆಗೆ ಸೀರಿಯಲ್ ನಟಿ ಥರ ಮೇಕಪ್ ಮಾಡಿದೀರಲ್ಲ?"

"ಕ್ರಿಸ್‌ಮಸ್ ಮರ."

"ಹೊಸ ವರ್ಷದ ಮರ ನಾನೇ ತಂದಿದೀನಿ ನೋಡಿ. ಎಂಟು ಥರ ಲೈಟು ಬರುತ್ತೆ. ಇದನ್ನ ಹಿಂದಿನ ಕೋಣೇಲಿ, ಬೀರು ಪಕ್ಕ ಇಟ್ಕೊಳ್ಳಿ. ಬಂದವರು ನೋಡಿದ್ರೆ ನಾವು ದಿವಾಳಿ ಎದ್ವಿ ಅಂದ್ಕೊಳ್ತಾರೆ."

"ಹಿಂದಿನ ಕೋಣೇಲಿ ಇಟ್ಟಿದ್ದು ಸಾಕಾಗಿದೆ ದೌರೆನ್. ಇಪ್ಪತ್ತಾರಕ್ಕೆ ನಿನ್ನ ಮರ ಇಡು. ಅಲ್ಲೀವರೆಗೆ ಕಿಟಕಿ ನಂದು."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ನಾಳೆಯಿಂದ ಜರ್ಮನ್ ಕಾಗದ ಎಲ್ಲ ನೀನೇ ಮಾಡ್ಕೋ."

ಝಾನಾರ್ ಕಿಸಕ್ಕೆಂದಳು. ಅವನು ಮೂಗು ಮುರಿದು ಡಬ್ಬಿಯನ್ನು ಬೀರುವಿನ ಪಕ್ಕ ಕುಕ್ಕಿದ. ನಾವಿಬ್ಬರೂ ಅಕ್ರೋಟಿಗೆ ಚಾಕೊಲೇಟಿನ ಬಣ್ಣದ ಕಾಗದ ಸುತ್ತಿ ತೂಗಿಹಾಕಿದೆವು. ಝಾನಾರ್ ಮನೆಯಿಂದ ಕರಿದು ತಂದ ಬೌರ್ಸಾಕ್ ಉಂಡೆಗಳಿಗೂ ದಾರ ಪೋಣಿಸಿ ಕಟ್ಟಿದಳು. ಸಂಜೆಯೊಳಗೆ ಅರ್ಧ ಬೌರ್ಸಾಕ್ ಅವಳ ಹೊಟ್ಟೆಯಲ್ಲೇ ಇತ್ತು.

ಎಡವಟ್ಟು ಶುರುವಾದದ್ದು ಮಾರನೆಯ ದಿನ. ಮಗಳು ಕೊರಿಯಾಗೆ ಹೊರಟಿದ್ದಾಳೆ ಎಂದು ಬಾತಿಮಾ ಎನ್ನುವ ಮುದುಕಿ ಕಾಗದ ತಂದಿದ್ದಳು. ಕಾಯುತ್ತ ಕುಳಿತವಳು ಎದ್ದು ಕಿಟಕಿಗೆ ಹೋದಳು. ಕೊಂಬೆಯ ತುಂಬ ತೂಗುವ ಹಸಿರು ಕಾಗದದ ಪಟ್ಟಿಗಳನ್ನು ಕಂಡು, ಇಲ್ಲಿನವರು ಬುಗ್ಗೆಯ ಬಳಿ ಹರಕೆಯ ಬಟ್ಟೆ ಕಟ್ಟುವ ಮರ ಇದು ಎಂದುಕೊಂಡಳು! ನೋಡನೋಡುತ್ತಿದ್ದಂತೆ ಕರವಸ್ತ್ರದ ಅಂಚು ಹರಿದು, ಏನೋ ಪಿಸುಗುಟ್ಟಿ, ಕೊಂಬೆಗೆ ಗಂಟು ಹಾಕಿಬಿಟ್ಟಳು.

ನನಗೆ ಸರ್ರನೆ ಸಿಟ್ಟು ಬಂತು. ಅಜ್ಜಿಯ ಮರ, ಎರ್ನಾ! "ಅಪಾ, ಅದು ಹರಕೆ ಮರ ಅಲ್ಲ. ನಮ್ಮ ಹಬ್ಬದ್ದು. ಯೇಸು ಹುಟ್ಟಿದ ದಿನಕ್ಕೆ ಇಟ್ಟಿರೋದು" ಎಂದೆ, ಹಿರಿಯಳೆಂದು ಅಪಾ ಎಂದೇ ಕರೆದು.

ಮುದುಕಿ ಸ್ವಲ್ಪವೂ ಅಳುಕಲಿಲ್ಲ. "ಮಗು ಹುಟ್ಟಿದ ಮನೇಲಿ ಕೇಳ್ಕೋಬಾರ್ದು ಅಂತ ಎಲ್ಲಿದೆಯಮ್ಮ? ನನ್ ಮಗಳು ಹೋಗ್ತಾಳೆ, ವಾಪಸ್ ಬರಲಿ ಅಂದೆ. ನಿಮ್ಮ ದೇವರಿಗೆ ಭಾರ ಆಯ್ತಾ?"

ಹೊರಟುಹೋಗುವವರ ಕಾಗದಕ್ಕೆ ಇಷ್ಟು ವರ್ಷ ಮುದ್ರೆ ಒತ್ತಿದ ಕೈಯಿಂದಲೇ ಅವಳಿಗೆ ಬಿಸಿ ಚಹಾಕ್ಕೆ ಹಾಲು ಹಾಕಿ ಕೊಟ್ಟೆ. ಆಮೇಲೆ ಬಂದವರೆಲ್ಲ ಆ ಬಟ್ಟೆ ನೋಡಿ ಕಟ್ಟಿದ್ದೇ ಕಟ್ಟಿದ್ದು. ಇಪ್ಪತ್ತನಾಲ್ಕರ ಹೊತ್ತಿಗೆ ಹದಿನಾಲ್ಕು ಗಂಟು.

ನಿನ್ನೆ ಇಲ್ಲಿ ರಜೆ ಇರಲಿಲ್ಲ, ಗೊತ್ತಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬೀದಿ ದಾಟಿ ಆಚೆ ಬದಿಗೆ ಹೋಗಿ ನಿಂತೆ. ಮೈನಸ್ ಇಪ್ಪತ್ತಾರು, ಮೇಲೆ ಕಣ್ಣು ಕೋರೈಸುವ ಬಿಸಿಲು. ಅಜ್ಜಿಯ ಮರ ಹಾಡಹಗಲೇ ಕಿಟಕಿಯಲ್ಲಿ ನಿಂತಿತ್ತು. ಬಸ್ಸಿನವರು ನೋಡಿದರು, ಹಾಲಿನವಳು ನೋಡಿದಳು. ಯಾರಿಗೂ ಏನೂ ಆಗಲಿಲ್ಲ. ನಾನು ಅತ್ತೆ ಎರ್ನಾ, ಸಂತೋಷಕ್ಕೇ ಅತ್ತೆ, ಕಣ್ಣೀರು ಕೆನ್ನೆಯ ಮೇಲೇ ಗಟ್ಟಿಯಾಯಿತು.

ಇವತ್ತು ಬೆಳಿಗ್ಗೆ ಮಾತಿನಂತೆ ಕೊಂಬೆ ತೆಗೆಯಲು ಹೋದೆ. ಮನೆಗೆ ಒಯ್ದು ಅಜ್ಜಿಯ ಹಾಗೆ ಸುಟ್ಟುಬಿಡೋಣ ಎಂದು. ದೌರೆನ್ ಓಡಿಬಂದು ಕೈ ಹಿಡಿದ. "ಅಯ್ಯೋ, ಮುಟ್ಟಬೇಡಿ! ಕಟ್ಟಿದ್ದನ್ನ ಬಿಚ್ಚಬಾರ್ದು, ಸುಡಬಾರ್ದು. ಅದು ಅಲ್ಲೇ ಇರ್ಲಿ." ಈಗ ಅವನ ಎಂಟು ಥರದ ಲೈಟು ಬೀರುವಿನ ಪಕ್ಕ ಮಿನುಗುತ್ತಿದೆ. ನಮ್ಮ ಕೊಂಬೆಯನ್ನು ಇನ್ನು ಯಾರೂ ಒಲೆಗೆ ಹಾಕುವಂತಿಲ್ಲ.

ನಿನಗೂ ನಿನ್ನ ಮನೆಗೂ ಒಳ್ಳೆಯದಾಗಲಿ. ನಿನ್ನ ಮಂಡಿ ನೋವು ಕಡಿಮೆಯಾಗಲಿ. ಮೊಮ್ಮಕ್ಕಳ ಬೆರಳಿಗೊಮ್ಮೆ ಹಸಿರು ಹತ್ತಲಿ, ದೇವರು ಅವರನ್ನು ಕಾಯಲಿ.

ನಿನ್ನ ಅಕ್ಕ,
ಇರ್ಮಾ

ಮರೆತಿಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡೆ: ಆ ಪತ್ರದ ನಕಲು ಕಳಿಸಲಾರೆ. ಅಂಥ ಪತ್ರ ಬಂದೇ ಇಲ್ಲ. ನನಗೆ ಯಾರೂ ಒಪ್ಪಿಗೆ ನಿರಾಕರಿಸಲಿಲ್ಲ ಎರ್ನಾ, ನಾನು ಅರ್ಜಿಯನ್ನೇ ಹಾಕಲಿಲ್ಲ. ನಾನೇ ಅನುವಾದಿಸಿ, ನಾನೇ ಮುದ್ರೆ ಒತ್ತಿದ ಕಾಗದಗಳು ನನ್ನ ಮೇಜಿನ ಕೆಳಗಿನ ಖಾನೆಯಲ್ಲಿವೆ. ಅಂಚೆಗೆ ಹಾಕಲೆಂದು ಹೊರಟವಳು ಸ್ಮಶಾನಕ್ಕೆ ಹೋದೆ, ನನ್ನ ಲೇನಾಳ ಮೇಲಿನ ಹಿಮ ಗುಡಿಸಿ ವಾಪಸು ಬಂದೆ. ನಾಲ್ಕು ವರ್ಷದ ನನ್ನ ಮಗಳನ್ನು ಇಲ್ಲಿ ಬಿಟ್ಟು ಅಷ್ಟು ದೂರ ಬರಲು ಕಾಲೇ ಏಳಲಿಲ್ಲ. ಆ ವಾರ ನೀನು ನಮ್ಮ ಅಡುಗೆಮನೆಯಲ್ಲಿ, "ಸತ್ತವರಿಗೆ ಚಳಿ ಆಗಲ್ಲ ಇರ್ಮಾ, ಬಾ" ಎಂದಿದ್ದೆ. ಹಾಗೆಂದವಳಿಗೆ ಇದನ್ನು ಹೇಗೆ ಹೇಳಲಿ? ಸುಳ್ಳು ಹೇಳಿದೆ. ನೀನು ಇಪ್ಪತ್ತೊಂಬತ್ತು ವರ್ಷ ನನಗಾಗಿ ಅಧಿಕಾರಿಗಳ ಜೊತೆ ಜಗಳವಾಡಿದೆ, ನಾನು ಸುಮ್ಮನೆ ನೋಡುತ್ತ ಕೂತೆ. ವಕೀಲರಿಗೆ ಬೇಡವೆಂದು ಹೇಳು. ನಾನು ಬರುವುದಿಲ್ಲ. ಕೊಂಬೆಯ ಮೇಲಿನ ಹದಿನೈದನೆಯ ಗಂಟು ನನ್ನದು, ಇವತ್ತು ಹಾಕಿದ್ದು. ಬೈದಾದರೂ ಸರಿ, ನೀನು ಬರೆಯಲಿ ಎಂದು ಕೇಳಿಕೊಂಡಿದ್ದೇನೆ.