ಗೆರೆಯೊಳಗೊಂದು ತೊಟ್ಟಿಲು

ಗದಗ,
ತೆರಿಗೆಮಾಸ ೧೭, ೨೧೯೪

ಪೂಜ್ಯ ರುದ್ರಮುನಿ ಅಜ್ಜನವರಿಗೆ ನಿಮ್ಮ ವಂಶದ ಶಾಕಾಂಬರಿ ಮಾಡುವ ನಮಸ್ಕಾರಗಳು. ಈ ಪತ್ರ ನಿಮ್ಮ ಕಾಲಕ್ಕೆ ತಲುಪುವಾಗ ನಿಮಗಿನ್ನೂ ಮೂವತ್ತು ದಾಟಿರುವುದಿಲ್ಲವೆಂದು ಬಲ್ಲೆ. ಅಜ್ಜ ಎಂದದ್ದಕ್ಕೆ ಬೇಸರ ಬೇಡ, ಸಂಬಂಧ ಅದೇ. ತೆರಿಗೆಮಾಸವೆಂದರೆ ಮಾರ್ಚ್ ಮುಗಿದ ಮೇಲೆ ಬರುವ ನಮ್ಮ ಹದಿಮೂರನೆಯ ತಿಂಗಳು, ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು ಮಾಡಿದ್ದು. ನಿಮ್ಮ ಅಧಿಕಮಾಸದ ಹಾಗೆ ಇದರಲ್ಲೂ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ನನ್ನ ಇನ್ನೂ ಕೆಲವು ಮಾತುಗಳು ವಿಚಿತ್ರವೆನ್ನಿಸಿದರೆ ಕ್ಷಮಿಸಬೇಕು.

ಮನೆಯಿಂದಲೇ ಕೆಲಸ ಮಾಡುವವರಿಗೆ ಸಿಗುವ ತೆರಿಗೆ ವಿನಾಯಿತಿಯನ್ನು ನೀವು ಈ ವರ್ಷ ಕೇಳಲಿದ್ದೀರಿ. ಪಡಸಾಲೆಯ ಮೂಲೆಯ ಒಂದು ಮೇಜು, ಒಂದು ಕುರ್ಚಿ, ಅಲ್ಲಿ ಉರಿಯುವ ಕರೆಂಟು. ಅದರಲ್ಲಿ ತಪ್ಪೇನಿಲ್ಲ. ಆದರೆ ಮುಂದೆ ಒಂದು ನಿಯಮ ಬರುತ್ತದೆ. ಕೆಲಸಕ್ಕಷ್ಟೇ ಬಳಸುವ ಜಾಗದ ಸುತ್ತ ಹಸಿರು ಗೆರೆ ಎಳೆಯಬೇಕು, ಗೆರೆಯೊಳಗೆ ಚಪ್ಪಲಿ ಹಾಕಿಕೊಂಡಿರಬೇಕು. ಮನೆಯಲ್ಲಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಕಚೇರಿಯಲ್ಲಿ ಮೆಟ್ಟುತ್ತಾರೆ ಎಂಬುದು ಅದರ ತರ್ಕ. ಇದು ಹೊಳೆದ ಜಾಣ ನಮ್ಮ ಕಡೆಯವನೇ ಇರಬೇಕು. ಗೆರೆಯೊಳಗೆ ಉಣ್ಣುವಂತಿಲ್ಲ, ಮಲಗುವಂತಿಲ್ಲ, ಕೂಸು ಆಡಿಸುವಂತಿಲ್ಲ. ಒಮ್ಮೆ ಮುರಿದರೆ ಇಡೀ ಮನೆತನದ ವಿನಾಯಿತಿ ಹೋಗುತ್ತದೆ, ಮುಂದಿನ ಯಾವ ತಲೆಮಾರಿಗೂ ಸಿಗುವುದಿಲ್ಲ.

ಬೆರಳು ಕೊಟ್ಟರೆ ಹಸ್ತ ನುಂಗಿದರು ಅನ್ನುತ್ತಾರಲ್ಲ, ಇಲ್ಲಿ ನುಂಗಿದವರು ನಾವೇ. ನಿಮ್ಮ ಮಗ ಪಡಸಾಲೆಯನ್ನೆಲ್ಲ ಗೆರೆಯೊಳಗೆ ತಂದರು. ಅವರ ಮಗಳು ಅಡುಗೆಮನೆಯನ್ನು ಚಹಾ ವಿಭಾಗವೆಂದು ಬರೆಸಿದರು. ಕೊನೆಗೆ ನನ್ನ ಅಪ್ಪ ನಡುಮನೆಯನ್ನು ಸಭಾಕೋಣೆ ಮಾಡಿ, ತೊಲೆಯಲ್ಲಿದ್ದ ತೊಟ್ಟಿಲ ಕೊಂಡಿಯನ್ನು ದೀಪದ ಕೊಂಡಿ ಎಂದು ಬರೆಸಿದರು. ಈಗ ಗೆರೆಯ ಹೊರಗೆ ಉಳಿದಿರುವುದು ಹಿತ್ತಲಿನ ತಗಡಿನ ಚಪ್ಪರ ಒಂದೇ. ಊಟ, ನಿದ್ದೆ, ಗಂಡಹೆಂಡಿರ ಜಗಳ ಎಲ್ಲ ಅಲ್ಲೇ. ದೇವರೂ ಅಲ್ಲೇ, ನೀರಿನ ಟ್ಯಾಂಕಿನ ಪಕ್ಕ. ಮನೆಗೆ ಹೋಗಿ ಬರುತ್ತೇನೆ ಅಂದರೆ ನಮ್ಮಲ್ಲಿ ಹಿತ್ತಲಿಗೆ ಹೋಗಿ ಬರುವುದು ಎಂದರ್ಥ. ಹುಟ್ಟಿದಾಗಿನಿಂದ ಹೀಗೇ ಇದ್ದವರಿಗೆ ಇದು ವಿಚಿತ್ರವೆನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ.

ಈ ಬೇಸಗೆಯಲ್ಲಿ ಮಗಳು ದಾನೇಶ್ವರಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಆ ಪದ್ಧತಿ ಮಾತ್ರ ನಿಮ್ಮ ಕಾಲದಿಂದ ಹಾಗೇ ಉಳಿದಿದೆ. ಕೂಸು ಹುಟ್ಟಿತು. ಬಾಣಂತಿಯನ್ನು ಮಲಗಿಸಿದ್ದು ತಗಡಿನಡಿ. ಹಪ್ಪಳ ಸುಡಬಹುದಾದಷ್ಟು ಕಾವು ಅಲ್ಲಿ. ಕೂಸಿನ ಮೈಯೆಲ್ಲ ಬೆವರುಸಾಲೆ ಎದ್ದು, ಅದು ಹಾಲು ಕುಡಿಯುವುದನ್ನೇ ಬಿಟ್ಟಿತು. ನನ್ನ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಗೆರೆಯ ಆ ಕಡೆ ನಿಂತು, "ಗೆರೆಗಾರ್ರು ಬಂದು ನೋಡಿ ಹೋಗ್ಲಿ, ಆಮ್ಯಾಲ ಒಳಗ ಕರ್ಕೊಂಡ್ರಾತು" ಎಂದರು. ಗೆರೆಗಾರರೆಂದರೆ ನಮ್ಮ ಪಾದ ನೋಡಲು ಬರುವ ಅಧಿಕಾರಿಗಳು. ದಾನೇಶ್ವರಿ ತಲೆ ಎತ್ತಿ, "ಅಪ್ಪಾ, ಒಳಗ ಅಂದ್ರ ಯಾರ ಮನಿ ಅದು?" ಎಂದಳು. ನಾನು ಅಟ್ಟದಿಂದ ತೊಟ್ಟಿಲು ಇಳಿಸಿದೆ.

ನಿನ್ನೆ ಬೆಳಿಗ್ಗೆ ಗೆರೆಗಾರರು ಬಂದಾಗ ನಡುಮನೆಯ ಕೊಂಡಿಯಲ್ಲಿ ತೊಟ್ಟಿಲು ತೂಗುತ್ತಿತ್ತು. ನಮ್ಮೆಲ್ಲರ ಚಪ್ಪಲಿ ಬಾಗಿಲ ಹೊರಗಿದ್ದವು. ಅವರು ನಮ್ಮ ಬರಿಗಾಲು ನೋಡಿ, ಏನೂ ಕೇಳದೆ, ವಿನಾಯಿತಿ ರದ್ದು ಎಂದು ಬರೆದರು. ಬರೆದಾದ ಮೇಲೆ ತಮ್ಮ ಚಪ್ಪಲಿಯನ್ನೂ ಹೊಸ್ತಿಲಾಚೆ ಬಿಟ್ಟು, ಒಳಗೆ ಬಂದು ಕೂಸಿನ ಮುಖ ನೋಡಿ ಹೋದರು.

ಇನ್ನು ಮುಂದೆ ತೆರಿಗೆ ಪೂರ್ತಿ ಕಟ್ಟಬೇಕು. ಅದು ಹೇಗೋ ಗೊತ್ತಿಲ್ಲ, ಹೆದರಿಕೆಯೂ ಇದೆ. ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ ಅಜ್ಜ. ಮೇಜಿಗೆ ಕೇಳಿ, ಕುರ್ಚಿಗೂ ಕೇಳಿ, ಕೊಂಡಿಯ ಕೆಳಗಿನ ಜಾಗ ಮಾತ್ರ ಬಿಟ್ಟುಬಿಡಿ. ಕೂಸು ಈಗ ಹಾಲು ಕುಡಿದು ಮಲಗಿದೆ. ಬಾಣಂತಿಗೆ ಎರೆಯಲು ಚಹಾ ವಿಭಾಗದಲ್ಲಿ ನೀರು ಕಾಯುತ್ತಿದೆ, ಏಳಬೇಕು. ಅಡುಗೆಮನೆ ಎನ್ನುವುದು ನನಗಿನ್ನೂ ರೂಢಿಯಾಗಬೇಕು.