ಎರಡನೆಯ ಸಹಿ

೧೪ ಮಾರ್ಚ್, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾನಿಲ್ಲಿ ಕ್ಷೇಮ. ನಿನ್ನ ಹುಟ್ಟುಹಬ್ಬಕ್ಕೆ ಬರೆಯಬೇಕಾಗಿದ್ದ ಕಾಗದವಿದು, ಎರಡು ತಿಂಗಳು ತಡವಾಯಿತು. ಪೆನ್ನು ಹಿಡಿದಾಗಲೆಲ್ಲ ಯಾರದೋ ಕಣ್ಣುರೆಪ್ಪೆ, ಯಾರದೋ ಗಲ್ಲ ಎಂದು ಆಪರೇಷನ್ ಥಿಯೇಟರಿಗೆ ಓಡಿದೆ. ಸುಳ್ಳೇಕೆ, ಧೈರ್ಯ ಸಾಲಲಿಲ್ಲ ಅಷ್ಟೆ.

ಈಗೊಂದು ನೆಪ ಸಿಕ್ಕಿದೆ. ನಮ್ಮ ಸೌಂದರ್ಯ ಶಸ್ತ್ರಚಿಕಿತ್ಸಕರ ಸಂಘದ ಸದಸ್ಯತ್ವಕ್ಕೆ ರೆಸಿಡೆಂಟ್ ಡಾಕ್ಟರುಗಳು ಹಾಕುವ ಅರ್ಜಿಗಳನ್ನು ನೋಡುವ ಸರದಿ ಈ ವರ್ಷ ನನ್ನದು. ಗುರುವಾರ ಗುಮಾಸ್ತರು ಕಟ್ಟು ತಂದು ಮೇಜಿನ ಮೇಲಿಟ್ಟರು. ಏಳನೆಯದು ನಿನ್ನದು! ಅಮ್ಮ ಇಪ್ಪತ್ತು ವರ್ಷದಿಂದ ಇದೇ ಸಂಘದಲ್ಲಿದ್ದಾಳೆ, ಒಂದು ಮಾತು ಹೇಳೋಣ ಅನ್ನಿಸಲಿಲ್ಲವೇನೇ? ನಿಮ್ಮಪ್ಪನ ಹಟ, ಎಲ್ಲಿಗೆ ಹೋದೀತು.

ಅರ್ಜಿ ಚೆನ್ನಾಗಿದೆ. ಆದರೆ ಶಿಫಾರಸಿಗೆ ಇಬ್ಬರು ಸದಸ್ಯರ ಸಹಿ ಬೇಕು, ನಿನಗೆ ಒಂದೇ ಇದೆ. ತಿಂಗಳ ಕೊನೆಯೊಳಗೆ ಇನ್ನೊಂದು ಬೀಳದಿದ್ದರೆ ಅರ್ಜಿ ವಾಪಸ್, ಮತ್ತೆ ಮುಂದಿನ ವರ್ಷವೇ. "ನೀವೇ ಹಾಕ್ಬಿಡಿ ಮೇಡಂ, ತಾಯಿ ಹಾಕಬಾರದು ಅಂತ ಎಲ್ಲೂ ಬರೆದಿಲ್ಲ," ಎಂದರು ಗುಮಾಸ್ತರು. ನಾನೂ ಖುಷಿಯಿಂದ ಪೆನ್ನು ತೆಗೆದೆ. ಸಹಿಯ ಜಾಗದ ಮೇಲೆ ಅಚ್ಚಾಗಿತ್ತು: 'ಕಳೆದ ಎರಡು ವರ್ಷಗಳಿಂದ ಅರ್ಜಿದಾರರನ್ನು ಹತ್ತಿರದಿಂದ ಬಲ್ಲೆ.'

ಕೈ ಅಲ್ಲೇ ನಿಂತಿತು. ನಿಮ್ಮಪ್ಪ ತೀರಿಕೊಂಡ ಮೇಲೆ, ಈ ಮೂರು ವರ್ಷದಲ್ಲಿ, ನೀನು ಮನೆಯ ಮೆಟ್ಟಿಲು ಹತ್ತಿಲ್ಲ. ಫೋನಿನಲ್ಲಿ 'ಊಟ ಆಯ್ತಾ?', 'ಆಯ್ತು', 'ಡ್ಯೂಟಿ ಇದೆ, ಇಡ್ತೀನಮ್ಮ'. ಇಷ್ಟಕ್ಕೇ ಬಲ್ಲೆ ಎಂದು ಹೇಗೆ ಸಹಿ ಹಾಕಲಿ?

ಈ ವಿಭಾಗವೇ ಏಕೆ ಎಂಬ ಪ್ರಶ್ನೆಗೆ ನೀನು ಒಂದೇ ಸಾಲು ಬರೆದಿದ್ದೀಯೆ: 'ಕನ್ನಡಿಗೆ ಹೆದರುವುದು ಹೇಗಿರುತ್ತದೆಂದು ನನಗೆ ಗೊತ್ತು.' "ಎಷ್ಟು ಚೆನ್ನಾಗಿ ಬರೆದಿದ್ದಾಳೆ ನೋಡಿ ಹುಡುಗಿ!" ಎಂದು ಗುಮಾಸ್ತರು ಮೆಚ್ಚಿಕೊಂಡರು. ನಾನು ನೀರು ಕುಡಿದು ಬರುತ್ತೇನೆಂದು ಎದ್ದುಹೋದೆ.

ಅರ್ಜಿ ನನ್ನ ಬ್ಯಾಗಿನಲ್ಲೇ ಇದೆ. ನಿನ್ನ ಕೋಣೆ ಗುಡಿಸಿ, ಒರೆಸಿ, ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದೇನೆ. ಒಂದು ಭಾನುವಾರ ಬಾ. ಎದುರು ಕೂತು ಬೈ, ಜಗಳವಾಡು, ನಿನ್ನನ್ನು ನೋಡಬೇಕು ಅನ್ನಿಸಿ ಸಾಕಾಗಿಹೋಗಿದೆ. ಬರದಿದ್ದರೂ ಮೂವತ್ತನೇ ತಾರೀಕು ಸಹಿ ಹಾಕಿಯೇ ಹಾಕುತ್ತೇನೆ, ಹೆದರಬೇಡ. ಸುಳ್ಳು ಸಹಿಯಾಗುತ್ತದೆ, ಅಷ್ಟೆ.

ಹೊತ್ತುಹೊತ್ತಿಗೆ ಊಟ ಮಾಡು. ನೀನು ಕೈಯಿಟ್ಟವರ ನೋವೆಲ್ಲ ಗುಣವಾಗಲಿ, ನೀನು ನೂರು ಕಾಲ ಬಾಳು.

ಇಂತಿ,
ನಿನ್ನ ಅಮ್ಮ

ತಾ.ಕ.: ಅರ್ಜಿಗೆ ಅಂಟಿಸಿದ ಫೋಟೋ ನೋಡಿದೆ. ಮೂಗಿನ ಆಪರೇಷನ್ ಯಾರು ಮಾಡಿದರು? ಒಳ್ಳೆಯ ಕೈಗುಣ, ಎಲ್ಲೂ ಗುರುತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ; ಆದರೆ ಹದಿನಾರು ವರ್ಷದ ನಿನ್ನನ್ನು ಊಟದ ಮೇಜಿನ ಮುಂದೆ ಕೂರಿಸಿ, ಆಸ್ಪತ್ರೆಯ ಮಾರ್ಕರಿನಿಂದ ಮೂಗಿನ ಮೇಲೆ ಗೆರೆ ಎಳೆದು, "ಇಷ್ಟು ತೆಗೆದ್ರೆ ಸಾಕು, ಚೆಂದ ಕಾಣ್ತೀಯ," ಎಂದವಳು ನಾನು. "ಅದು ನನ್ನ ಮೂಗು ಕಣೇ, ಮುಟ್ಟಬೇಡ," ಎಂದು ನಿಮ್ಮಪ್ಪ ನಕ್ಕರು. ನೀನು ನಗಲಿಲ್ಲ. ಅವರು ಹೋದ ಮೇಲೆ, ಅವರ ಮುಖ ನೋಡಬೇಕು ಅನ್ನಿಸಿದಾಗಲೆಲ್ಲ ನಿನ್ನದನ್ನು ನೆನೆಸಿಕೊಳ್ಳುತ್ತಿದ್ದೆ. ಸರಿಯಾಗಿ ನಾನೆಳೆದ ಗೆರೆಯ ಮೇಲೆಯೇ ಕತ್ತರಿಸಿದ್ದಾರೆ, ಮಗಳೇ.