ಈ ಮಾತು ಫೋನಿನಲ್ಲಿ ಹೇಳಲಾರೆ

ಆಂಟಾಪ್ ಹಿಲ್, ಮುಂಬಯಿ
ಬುಧವಾರ, 12 ಫೆಬ್ರುವರಿ 2025

ಮಗಳಂಥ ಸೊಸೆ ವೈಶಾಲಿಗೆ, ನಿನ್ನ ಅತ್ತೆ ದಾನವ್ವ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಬೆಳಗಾವಿಯಲ್ಲಿ ಇನ್ನೂ ಚಳಿ ಇರಬೇಕು. ಮೂಗು ಕಟ್ಟಿದರೆ ನಿನಗೆ ನಿದ್ದೆ ಬರುವುದಿಲ್ಲ, ಕಿವಿ ಮುಚ್ಚುವಂತೆ ಸ್ಕಾರ್ಫ್ ಕಟ್ಟಿಕೊಂಡು ಮಲಗು. ನಿನ್ನ ತಾಯಿಯ ಮಂಡಿನೋವು ಹೇಗಿದೆ? ನಾನು ಗಟ್ಟಿಯಾಗಿದ್ದೇನೆ. ನಿನ್ನೆ ಮಾಟುಂಗ ಮಾರ್ಕೆಟ್ಟಿಗೆ ನಡೆದೇ ಹೋಗಿಬಂದೆ. ಫೋನ್ ಇದ್ದೂ ಅತ್ತೆ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಕಾರಣವಿದೆ. ಸಿಟ್ಟು ಬಂದರೂ ಕೊನೆಯವರೆಗೆ ಓದು.

ಆ ದಿನ ನೀನು ಆಫೀಸಿನಿಂದ ಬಂದವಳು ನೀರೂ ಕುಡಿಯದೆ ಬ್ಯಾಗಿಗೆ ಬಟ್ಟೆ ತುಂಬಿದೆ. ನೀನು ಪುಣೆ ಬ್ರಾಂಚಿಗೆ ವರ್ಗ ಕೇಳಿದ್ದು ನನ್ನ ಮಗ ಅಮಿತನಿಗೆ ಗೊತ್ತಾಗಿ, ಅವನು ಫೋರ್ಟಿನ ನಿನ್ನ ಆಫೀಸಿಗೇ ನುಗ್ಗಿ ಮ್ಯಾನೇಜರರ ಎದುರು ಕೂಗಾಡಿದ್ದ. ನೀನು ಬಾಗಿಲಲ್ಲಿ ನಿಂತು, "ನಿಮಗ ಒಬ್ಬರಿಗೇ ಹೇಳಿದ್ದೆ ಅತ್ತಿ" ಅಂದೆ. ಅಷ್ಟೇ, ಹೊರಟುಹೋದೆ. ನಾನು ಅವನಿಗೆ ಹೇಳಿರಲಿಲ್ಲ ವೈಶಾಲಿ. ಯಾರಿಗೂ ಹೇಳಿರಲಿಲ್ಲ. ಆದರೂ ಮರೆತು ಎಲ್ಲೋ ಬಾಯಿಬಿಟ್ಟೆನೇನೋ ಎಂದು ನನ್ನ ಮೇಲೆ ನನಗೇ ಅನುಮಾನ ಬಂತು.

ಹೋದ ಗುರುವಾರ ಗುಡಿಯಲ್ಲಿ ಭಜನೆ ಬೇಗ ಮುಗಿಯಿತು. ಮನೆ ಬಾಗಿಲಿಗೆ ಬಂದರೆ ಒಳಗೆ ನಿನ್ನ ದನಿ. ವೈಶಾಲಿ ಬಂದಳು ಎಂದು ಚಪ್ಪಲಿಯನ್ನೂ ಬಿಡದೆ ಓಡಿದೆ. ನೀನಿರಲಿಲ್ಲ. ಅಮಿತ ಒಬ್ಬನೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಅದರೊಳಗಿಂದ ನೀನು ಹೇಳುತ್ತಿದ್ದೆ, "ಉಸಿರು ಕಟ್ಟಿದಂಗ ಆಗೇತಿ ಅತ್ತಿ, ಸ್ವಲ್ಪ ದಿನ ದೂರ ಇರತೇನಿ." ಅದರ ಹಿಂದೆಯೇ ನನ್ನ ದನಿ, "ಹೋಗಿ ಬಾ ಯವ್ವಾ, ನಾ ಅದೇನಿ." ದೀಪಾವಳಿಗೆ ಅವನು ನನಗೆ ಹೊಸ ಫೋನ್ ಕೊಡಿಸಿದ್ದನಲ್ಲ, ಬಿಲ್ಡಿಂಗಿನಲ್ಲೆಲ್ಲ ತೋರಿಸಿಕೊಂಡು ಬಂದಿದ್ದೆನಲ್ಲ, ನಾವು ಆಡಿದ ಮಾತೆಲ್ಲ ಅದರಲ್ಲೇ ರೆಕಾರ್ಡ್ ಆಗಿ ಅವನಿಗೆ ಹೋಗುತ್ತಿತ್ತಂತೆ.

"ಯಾಕ ಮಾಡಿದ್ಯೋ ಹಿಂಗ?" ಅಂದೆ. ತಲೆ ತಗ್ಗಿಸುತ್ತಾನೆ ಅಂದುಕೊಂಡಿದ್ದೆ. "ಪ್ರೀತಿ ಐತಿ ಅಂತನ ಮಾಡೇನಿ. ಅಪ್ಪ ನಿನ್ನ ಎಲ್ಲಿದ್ದಿ ಅಂತ ಒಂದ ದಿನಾ ಕೇಳಲಿಲ್ಲ. ಅದಕ್ಕ ನೀನ ಅಳತಿದ್ದಿ" ಅಂದ.

ಅತ್ತದ್ದು ನಿಜ. ತೀರಿಕೊಂಡ ನಿನ್ನ ಮಾವ ಉಂಡೆಯಾ ಎಂದೂ ಕೇಳಿದವರಲ್ಲ. ಹಾಗಾಗಿಯೇ ಅಮಿತ ಪ್ರತಿ ಸ್ಟೇಷನ್ನಿಗೂ ನಿನಗೆ ಫೋನ್ ಮಾಡಿ, ದಾದರ್ ಬಂತಾ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳುವಾಗ, ಪಕ್ಕದ ಮನೆ ನೀಲಾಬಾಯಿ ಎಷ್ಟು ಪ್ರೀತಿ ಎಂದು ಮರಾಠಿಯಲ್ಲಿ "ಕಿತಿ ಪ್ರೇಮ್!" ಅನ್ನುವಾಗ, ನಾನು ಹಿಗ್ಗುತ್ತಿದ್ದೆ. ನನ್ನ ಸೊಸೆ ಪುಣ್ಯವಂತೆ ಅಂದುಕೊಂಡಿದ್ದೆ. ನಿನ್ನ ಮಾವ ಏನೂ ಕೇಳಲಿಲ್ಲ, ಸರಿ. ಆದರೆ ನಾನು ವಿಜಯಪುರದ ತವರಿಗೆ ಹೋಗಿ ಎರಡು ತಿಂಗಳು ಕೂತರೂ ಯಾಕೆ ಅನ್ನಲಿಲ್ಲ. ಬಂದ ದಿನ ಸ್ಟೇಷನ್ನಿನಲ್ಲಿ ನಿಂತಿರುತ್ತಿದ್ದರು, ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆಯುತ್ತಿದ್ದರು. ಪ್ರೀತಿ ಇಲ್ಲದವರು ಎಂದು ಅವರ ಮೇಲೆ ಮಗನ ಮುಂದೆ ದೂರು ಹೇಳುತ್ತ ಬಂದೆ. ಈಗ ಏನೆನ್ನಬೇಕೋ ತಿಳಿಯುತ್ತಿಲ್ಲ.

ನೀನು ಅತ್ತೆಯ ಹತ್ತಿರ ಕಷ್ಟ ಹೇಳಿಕೊಂಡೆ. ನಾನು ಹೆತ್ತ ಮಗ ಅದನ್ನು ಕದ್ದು ಕೇಳಿದ. ನನ್ನ ಕೈಲೇ ನಿನಗೆ ಮೋಸ ಮಾಡಿಸಿದ. ಆ ಫೋನನ್ನು ಅವನ ಮುಂದಿಟ್ಟುಬಿಟ್ಟೆ. ಆ ರಾತ್ರಿಯೂ ಅವನು ಕೂತು ರೊಟ್ಟಿ ತಿಂದ, ಇನ್ನೊಂದು ಹಾಕು ಅಂದ. ಹಾಕಿದೆ.

ಪುಣೆಯ ಕೆಲಸ ಬಿಡಬೇಡ. ನಿನ್ನ ತಂದೆತಾಯಿಗೆ ನನ್ನ ಶರಣು ಹೇಳು. ತಂಪಾಗಿರು ಮಗಳೇ.

ನಿನ್ನ ಅತ್ತೆ,
ದಾನವ್ವ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಮಿತ ಬಂದ. ಅವ್ವನಿಗೆ ಎದೆನೋವು ಎಂದು ನಾನೇ ನಿನಗೆ ಹೇಳಬೇಕಂತೆ, ಹೇಳಿದರೆ ನೀನು ಓಡಿ ಬರುತ್ತೀಯಂತೆ. ಒಲ್ಲೆ ಅಂದೆ. ಇನ್ನು ಅವನೇ ಹೇಳುತ್ತಾನೆ, ಆಸ್ಪತ್ರೆಯ ಫೋಟೊ ಕಳಿಸಿದರೂ ಕಳಿಸಿಯಾನು. ನಂಬಬೇಡ. ನಿಜವಾಗಿ ಏನಾದರೂ ಆದರೆ ನೀಲಾಬಾಯಿ ತಿಳಿಸುತ್ತಾಳೆ. ಆಗಲೂ ಬರಬೇಡ.